ನಾವು ಕೊಡುವ ಟಿಪ್ಸ್, ಅವರು ಕೊಡದ ಸಂಬಳ

(ಕೆಲಸ ಮತ್ತು ಕಾನೂನು ಕುರಿತು ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಮೊತ್ತದಿಂದ ಶುರು ಮಾಡುತ್ತೇನೆ: 2 ಡಾಲರ್ 13 ಸೆಂಟ್. ಅಮೆರಿಕದಲ್ಲಿ ಟಿಪ್ಸ್ ಸಿಗುವ ಕೆಲಸದಲ್ಲಿರುವವರಿಗೆ ಮಾಲೀಕ ತನ್ನ ಕೈಯಿಂದ ಗಂಟೆಗೆ ಕೊಡಲೇಬೇಕಾದ ಹಣ ಇಷ್ಟೇ. ಇದು ಫೆಡರಲ್, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿನ ಮಾತು. ರಾಜ್ಯಗಳ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ತಮಾಷೆ ಏನು ಗೊತ್ತಾ? ಕಾನೂನಿನ ಆ ಸಾಲಿನಲ್ಲಿ 2.13 ಅಂತ ಬರೆದೇ ಇಲ್ಲ. "1996ರ ಆಗಸ್ಟ್ 20ರಂದು ಇಂಥ ಕೆಲಸಗಾರನಿಗೆ ಎಷ್ಟು ನಗದು ಸಂಬಳ ಕೊಡಬೇಕಾಗಿತ್ತೋ ಅದಕ್ಕಿಂತ ಕಡಿಮೆ ಕೊಡಬಾರದು" ಅನ್ನುವ ಅರ್ಥದ ಮಾತಿದೆ, ಅಷ್ಟೇ. ಆ ದಿನ ಅದು 2 ಡಾಲರ್ 13 ಸೆಂಟ್ ಇತ್ತು. ಇವತ್ತೂ ಅಷ್ಟೇ ಇದೆ. ಕಾಯಿದೆ ಒಂದು ತಾರೀಕಿನಲ್ಲಿ ನಿಂತುಬಿಟ್ಟಿದೆ. ಅದು ಅಲ್ಲಿಗೆ ಹೇಗೆ ಬಂತು ಅನ್ನುವುದಕ್ಕೆ ಮುಂಚೆ, ಅದು ನಡೆಯುವ ರೀತಿ ನೋಡೋಣ. ಟಿಪ್ಸ್ ಕೊಡುವ ಎಷ್ಟೋ ಜನರಿಗೆ ಇದೇ ಗೊತ್ತಿರುವುದಿಲ್ಲ.

ಬಹುತೇಕ ಕೆಲಸಗಾರರಿಗೆ ಅನ್ವಯಿಸುವ ಫೆಡರಲ್ ಕನಿಷ್ಠ ವೇತನ ಗಂಟೆಗೆ 7 ಡಾಲರ್ 25 ಸೆಂಟ್. 2009ರ ಜುಲೈನಿಂದ ಅದೂ ಕದಲಿಲ್ಲ. ತಿಂಗಳಿಗೆ 30 ಡಾಲರ್‌ಗಿಂತ ಜಾಸ್ತಿ ಟಿಪ್ಸ್ ವಾಡಿಕೆಯಾಗಿ ಸಿಗುತ್ತಿದ್ದರೆ ನೀವು ಕಾನೂನಿನ ಕಣ್ಣಿನಲ್ಲಿ ಟಿಪ್ಸ್ ಕೆಲಸಗಾರರು. ಆಗ ಮಾಲೀಕ 2.13 ಕೊಟ್ಟು, ಉಳಿದ 5.12ಕ್ಕೆ ನಿಮ್ಮ ಟಿಪ್ಸ್ ತೋರಿಸಬಹುದು. ಇದಕ್ಕೆ ಟಿಪ್ ಕ್ರೆಡಿಟ್ ಅಂತ ಹೆಸರು. ಟಿಪ್ಸ್ ಸಾಲದೆ ಬಂದರೆ ಕೊರತೆಯನ್ನು ಮಾಲೀಕ ತುಂಬಿಕೊಡಬೇಕು.

ಈಗ ಊಟ ಮಾಡಿ ಎದ್ದವರ ಕಡೆಯಿಂದ ಇದನ್ನೇ ನೋಡಿ. "ಚೆನ್ನಾಗಿ ನೋಡಿಕೊಂಡಳು, ಪಾಪ" ಅಂತ ಮೇಜಿನ ಮೇಲೆ ಐದು ಡಾಲರ್ ಇಟ್ಟಿರಿ. ಆ ವಾರ ಅವಳಿಗೆ ಬಂದ ಟಿಪ್ಸ್ ಗಂಟೆಗೆ ಸರಾಸರಿ ಅಷ್ಟೇ ಆಗಿದ್ದರೆ, ನೀವು ಅವಳಿಗೆ ಮೇಲುಸಂಪಾದನೆ ಕೊಡಲಿಲ್ಲ. ಅವಳ ಮಾಲೀಕ ಕೊಡಬೇಕಾಗಿದ್ದ ಸಂಬಳದಲ್ಲಿ ಐದು ಡಾಲರ್ ಕಟ್ಟಿದಿರಿ. ದುಡ್ಡು ಅವಳ ಕೈಯಲ್ಲೇ ಇದೆ, ಯಾರೂ ಕಿತ್ತುಕೊಂಡಿಲ್ಲ. ಆದರೆ ನೀವು ಕೊಡದೇ ಇದ್ದಿದ್ದರೂ ಅವಳಿಗೆ 7.25 ಬರಬೇಕಾಗಿತ್ತು. ಉಳಿತಾಯ ಆದದ್ದು ಯಾರಿಗೆ ಅಂತ ನೀವೇ ಲೆಕ್ಕ ಹಾಕಿ.

ಲೆಕ್ಕ ಅಂದೆನಲ್ಲ, ಒಂದು ಸಂಬಳದ ಚೀಟಿಯನ್ನೇ ಬಿಡಿಸೋಣ. ವಾರಕ್ಕೆ 40 ಗಂಟೆ. 2.13ರ ಲೆಕ್ಕದಲ್ಲಿ 85 ಡಾಲರ್ 20 ಸೆಂಟ್. ಅದು ಒಳ್ಳೆ ವಾರ, ಟಿಪ್ಸ್ 700 ಡಾಲರ್ ಬಂತು ಅಂದುಕೊಳ್ಳಿ. ತೆರಿಗೆಗೆ ಒಟ್ಟು ಆದಾಯ 785.20. ಸೋಷಿಯಲ್ ಸೆಕ್ಯುರಿಟಿ (ಪಿಂಚಣಿಯ ವಂತಿಗೆ) ಮತ್ತು ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆಯ ವಂತಿಗೆ) ಸೇರಿ 7.65%, ಅಂದರೆ ಸುಮಾರು 60 ಡಾಲರ್. ಇದನ್ನು ಮುರಿದುಕೊಳ್ಳುವುದು ಟಿಪ್ಸ್‌ನಿಂದಲ್ಲ, ಆ 85 ಡಾಲರ್ ಸಂಬಳದಿಂದ. ಮಿಕ್ಕ 25 ಡಾಲರ್ ಆದಾಯ ತೆರಿಗೆಗೇ ಸಾಲುವುದಿಲ್ಲ. ಹಾಗಾಗಿ ಚೆಕ್ಕಿನ ಮೇಲೆ ಮೊತ್ತ ಸೊನ್ನೆ. ಟಿಪ್ಸ್ ಚೆನ್ನಾಗಿ ಬರುವ ಕಡೆ ಇಂಥ ಸೊನ್ನೆ ಚೆಕ್ಕುಗಳು ಮಾಮೂಲು. ಎಷ್ಟೋ ಜನ ಅದನ್ನು ತೆರೆದು ನೋಡುವುದನ್ನೇ ಬಿಟ್ಟಿರುತ್ತಾರೆ. ತಪ್ಪು ನಡೆದರೆ ಕಾಣಬೇಕಾದ ಕಾಗದ ಅದೊಂದೇ. ಅದನ್ನೇ ಯಾರೂ ನೋಡುವುದಿಲ್ಲ.

ಇನ್ನೊಂದು ವಾರ ತೆಗೆದುಕೊಳ್ಳಿ. ಮಳೆ, ಗಿರಾಕಿ ಇಲ್ಲ. 40 ಗಂಟೆಗೆ ಟಿಪ್ಸ್ ಬರೀ 150. ಸಂಬಳ ಸೇರಿಸಿದರೆ 235.20. ಕನಿಷ್ಠ ಬರಬೇಕಾದದ್ದು 290. ಮಾಲೀಕ 54 ಡಾಲರ್ 80 ಸೆಂಟ್ ತುಂಬಿಕೊಡಬೇಕು. ಕಾನೂನು ಸ್ಪಷ್ಟವಾಗಿದೆ. ಆದರೆ ಕೊಡುವುದಕ್ಕೆ ಮುಂಚೆ ಮ್ಯಾನೇಜರ್ ಕೇಳುವ ಪ್ರಶ್ನೆಯೂ ಅಷ್ಟೇ ಸ್ಪಷ್ಟ: "ಉಳಿದವರಿಗೆಲ್ಲ ಬಂದಿದೆ, ನಿನಗೊಬ್ಬಳಿಗೆ ಯಾಕೆ ಕಡಿಮೆ? ಟಿಪ್ಸ್ ಸರಿಯಾಗಿ ಬರೆಸಿದ್ದೀಯಾ?" ಒಮ್ಮೆ ಕೇಳಿಸಿಕೊಂಡವರು ಮುಂದಿನ ಸಲ 150 ಬಂದರೂ 205 ಅಂತ ಬರೆಸುತ್ತಾರೆ. ಬರದ ದುಡ್ಡಿಗೆ ತೆರಿಗೆಯನ್ನೂ ಕಟ್ಟುತ್ತಾರೆ. ಶನಿವಾರದ ಪಾಳಿ ತಪ್ಪಿಹೋಗದಿದ್ದರೆ ಸಾಕು ಅನ್ನುವ ಲೆಕ್ಕ ಅವರದು.

ಅಷ್ಟೇ ಅಲ್ಲ, ಲೆಕ್ಕ ನೋಡುವುದು ವಾರದ ಸರಾಸರಿಯಲ್ಲಿ. ಮಂಗಳವಾರ ಎಂಟು ಗಂಟೆ ನಿಂತು ಹತ್ತು ಡಾಲರ್ ಟಿಪ್ಸ್ ಬಂದರೆ ಆ ದಿನದ ಗಂಟೆಗೂಲಿ 3 ಡಾಲರ್ 38 ಸೆಂಟ್. ಶನಿವಾರ ಇನ್ನೂರು ಬಂತಾ? ಸರಿ ಹೋಯಿತು. ಶನಿವಾರದ ಗಿರಾಕಿ ಮಂಗಳವಾರದ ಸಂಬಳವನ್ನೂ ಕೊಟ್ಟುಹೋದ ಹಾಗೆ.

ಓವರ್‌ಟೈಮ್ ಬಂದರಂತೂ ತಪ್ಪೇ ಜಾಸ್ತಿ. 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೊಡಬೇಕು. ಎಷ್ಟರ ಒಂದೂವರೆ? ಬಹಳ ಕಡೆ 2.13ಕ್ಕೆ ಒಂದೂವರೆ ಹಾಕಿ 3.20 ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಸರಿಯಾದ ಲೆಕ್ಕ ಬೇರೆ: 7.25ಕ್ಕೆ ಒಂದೂವರೆ ಹಾಕಿ, ಆಮೇಲೆ 5.12 ಕಳೆಯಬೇಕು. ಆಗ ಬರುವುದು ಸುಮಾರು 5 ಡಾಲರ್ 76 ಸೆಂಟ್. ವಾರಕ್ಕೆ ಹತ್ತು ಗಂಟೆ ಹೆಚ್ಚುವರಿ ದುಡಿದವರಿಗೆ 25 ಡಾಲರ್ ಅರವತ್ತು ಸೆಂಟ್ ಖೋತಾ. ಇದರಲ್ಲಿ ಎಷ್ಟು ಅಜ್ಞಾನ, ಎಷ್ಟು ಜಾಣತನ ಅಂತ ನಾನು ಹೇಳಲಾರೆ. 2010ರಿಂದ 2012ರವರೆಗೆ ಕಾರ್ಮಿಕ ಇಲಾಖೆ ಸುಮಾರು 9,000 ರೆಸ್ಟೋರೆಂಟ್‌ಗಳನ್ನು ತಪಾಸಣೆ ಮಾಡಿತು. 84% ಕಡೆ ಏನಾದರೊಂದು ಉಲ್ಲಂಘನೆ ಸಿಕ್ಕಿತು.

ಸರಿ, ಇಂಥದ್ದೊಂದು ಏರ್ಪಾಡು ಬಂದದ್ದಾದರೂ ಎಲ್ಲಿಂದ?

ಅಮೆರಿಕದಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗೆ ಸಿಕ್ಕ ಕೆಲಸಗಳು ಕೆಲವೇ. ಪುಲ್‌ಮನ್ ಕಂಪನಿ ತನ್ನ ಮಲಗುವ ರೈಲು ಡಬ್ಬಿಗಳಿಗೆ ಅವರನ್ನು ಪೋರ್ಟರ್‌ಗಳಾಗಿ ಸೇರಿಸಿಕೊಂಡಿತು. ಸಂಬಳ ತೀರಾ ಕಡಿಮೆ, ಹೊಟ್ಟೆ ತುಂಬುತ್ತಿದ್ದುದು ಪ್ರಯಾಣಿಕರ ಟಿಪ್ಸ್‌ನಿಂದ. ಎ. ಫಿಲಿಪ್ ರಾಂಡಾಲ್ಫ್ 1925ರಲ್ಲಿ ಅವರ ಸಂಘದ ನಾಯಕರಾದರು. ಕಂಪನಿ ಒಪ್ಪಂದಕ್ಕೆ ಸಹಿ ಹಾಕಿದ್ದು 1937ರಲ್ಲಿ, ಹನ್ನೆರಡು ವರ್ಷ ಆದ ಮೇಲೆ. ಇನ್ನೊಂದು ಕಡೆ ಟಿಪ್ಸ್ ಅನ್ನುವುದೇ ಪ್ರಜಾಪ್ರಭುತ್ವಕ್ಕೆ ಅವಮಾನ ಅಂತ ವಾದಿಸಿದವರೂ ಇದ್ದರು. ವಾಷಿಂಗ್ಟನ್ ರಾಜ್ಯ 1909ರಲ್ಲಿ ಟಿಪ್ಸ್ ನಿಷೇಧಿಸಿತು, ಇನ್ನೂ ಕೆಲವು ರಾಜ್ಯಗಳು ಹಿಂಬಾಲಿಸಿದವು. 1926ರ ಹೊತ್ತಿಗೆ ಒಂದೂ ಉಳಿಯಲಿಲ್ಲ.

ನನಗೆ ತುಂಬಾ ಮುಖ್ಯ ಅನ್ನಿಸುವ ಘಟನೆ 1938ರದ್ದು. ಆ ವರ್ಷ ಕನಿಷ್ಠ ವೇತನದ ಕಾಯಿದೆ ಬಂತು, ಗಂಟೆಗೆ 25 ಸೆಂಟ್. ಫ್ಲೋರಿಡಾದ ಜ್ಯಾಕ್ಸನ್‌ವಿಲ್ ರೈಲು ನಿಲ್ದಾಣದಲ್ಲಿ ಸಾಮಾನು ಹೊರುವವರಿದ್ದರು. ಅವರನ್ನು ರೆಡ್‌ಕ್ಯಾಪ್‌ಗಳು ಅಂತ ಕರೆಯುತ್ತಿದ್ದರು. ನಿಲ್ದಾಣದ ಕಂಪನಿ ಅವರಿಗೆ ಹೇಳಿತು: ನಿಮಗೆ ಬರುವ ಟಿಪ್ಸ್ ಲೆಕ್ಕ ಒಪ್ಪಿಸಿ, ಅದು ಕನಿಷ್ಠ ವೇತನಕ್ಕಿಂತ ಕಡಿಮೆ ಆದರೆ ಕೊರತೆಯನ್ನು ನಾವು ತುಂಬುತ್ತೇವೆ. ಅಂದರೆ ಸಂಬಳದ ಕಾನೂನು ಬಂದದ್ದೇ ತಡ, ಅದನ್ನು ಪ್ರಯಾಣಿಕರ ಜೇಬಿನಿಂದ ತೀರಿಸುವ ದಾರಿಯೂ ಸಿದ್ಧವಾಯಿತು. ಕೆಲಸಗಾರರು ಕೋರ್ಟಿಗೆ ಹೋದರು. 1942ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಇವತ್ತಿನ ಟಿಪ್ ಕ್ರೆಡಿಟ್‌ನ ಮೂಳೆ ಅಲ್ಲಿದೆ. ರೆಡ್‌ಕ್ಯಾಪ್ ಹೊತ್ತ ಪೆಟ್ಟಿಗೆಗೆ ಪ್ರಯಾಣಿಕ ಕೊಟ್ಟ ನಾಣ್ಯ, ಕಂಪನಿಯ ಪುಸ್ತಕದಲ್ಲಿ ಕಂಪನಿ ಕೊಟ್ಟ ಸಂಬಳ.

ಹೋಟೆಲು, ರೆಸ್ಟೋರೆಂಟ್‌ಗಳಲ್ಲಿ ದುಡಿಯುವವರಿಗೆ 1938ರ ಕಾಯಿದೆ ಬಹುಪಾಲು ತಟ್ಟಲೇ ಇಲ್ಲ. 1966ರ ತಿದ್ದುಪಡಿಯಲ್ಲಿ ಅವರನ್ನು ಒಳಗೆ ತಂದರು, ಜೊತೆಗೆ ಟಿಪ್ ಕ್ರೆಡಿಟ್ ಅನ್ನೂ ತಂದರು. ಕನಿಷ್ಠ ವೇತನದಲ್ಲಿ ಅರ್ಧದವರೆಗೆ ಟಿಪ್ಸ್ ತೋರಿಸಬಹುದು. ಆಗ ಅದೊಂದು ರಾಜಿ. ಅದರಲ್ಲಿ ಒಂದು ಒಳ್ಳೆ ಗುಣ ಇತ್ತು. ಅರ್ಧ ಅಂದರೆ ಅರ್ಧ. ಕನಿಷ್ಠ ವೇತನ ಏರಿದಾಗಲೆಲ್ಲ ಮಾಲೀಕನ ಪಾಲೂ ಏರುತ್ತಿತ್ತು. ಮಧ್ಯೆ 1980ರ ಹೊತ್ತಿಗೆ ಮಾಲೀಕನ ಪಾಲು 60% ಆಗಿತ್ತು. 1991ರಲ್ಲಿ ಮತ್ತೆ ಅರ್ಧಕ್ಕೆ ಇಳಿಯಿತು. ಆಗಿನ ಕನಿಷ್ಠ ವೇತನ 4.25. ಅದರ ಅರ್ಧ, ಹತ್ತಿರದ ಸೆಂಟಿಗೆ ಏರಿಸಿದರೆ, 2.13.

ಆಮೇಲೆ 1996. ಕನಿಷ್ಠ ವೇತನ ಏರಿಸುವ ಮಸೂದೆ ಬಂತು. ರೆಸ್ಟೋರೆಂಟ್ ಉದ್ಯಮ ಅದಕ್ಕೆ ಜೋರಾಗಿ ತಡೆ ಒಡ್ಡಿತ್ತು. ಕೊನೆಗೆ ಏರಿಕೆ ಪಾಸಾಯಿತು, ಆದರೆ ಟಿಪ್ಸ್ ಕೆಲಸಗಾರರ ನಗದು ಸಂಬಳವನ್ನು ಆ ಶೇಕಡಾವಾರಿನಿಂದ ಬಿಡಿಸಿ ಒಂದು ತಾರೀಕಿಗೆ ಕಟ್ಟಿಹಾಕಿದರು. ನಾನು ಮೊದಲು ಹೇಳಿದ ಸಾಲು ಹುಟ್ಟಿದ್ದು ಹೀಗೆ. ಅಲ್ಲಿಂದ ಮುಂದೆ ಕನಿಷ್ಠ ವೇತನದ ಪ್ರತಿ ಏರಿಕೆಯೂ ಪೂರ್ತಿ ಗಿರಾಕಿಗಳ ತಲೆಯ ಮೇಲೆ ಬಿತ್ತು. ಈಗ ಮಾಲೀಕನ ಪಾಲು 30%ಗಿಂತ ಕಡಿಮೆ. ನನ್ನ ಮಟ್ಟಿಗೆ 1966ರ ರಾಜಿಗಿಂತ 1996ರ ಈ ಸಣ್ಣ ಕೈಚಳಕವೇ ದೊಡ್ಡ ಅನ್ಯಾಯ. ಗಲಾಟೆ ಇಲ್ಲದೆ ಆಗಿಹೋಯಿತು, ಅಲ್ವಾ?

ಟಿಪ್ಸ್ ಬರದ ಕೆಲಸದ ಸಮಯಕ್ಕೂ 2.13 ಕೊಡಬಹುದಾ? ಇದು ದೊಡ್ಡ ಜಗಳ. ಬಾಗಿಲು ತೆರೆಯುವ ಮುಂಚೆ ಚಮಚ, ಫೋರ್ಕುಗಳನ್ನು ನ್ಯಾಪ್‌ಕಿನ್‌ನಲ್ಲಿ ಸುತ್ತಿಡುವುದು, ಉಪ್ಪಿನ ಡಬ್ಬಿ ತುಂಬುವುದು, ಅರ್ಧ ಖಾಲಿಯಾದ ಎರಡು ಕೆಚಪ್ ಸೀಸೆಗಳನ್ನು ಒಂದಕ್ಕೆ ಸುರಿಯುವುದು, ಮುಚ್ಚಿದ ಮೇಲೆ ನೆಲ ಗುಡಿಸುವುದು. ಆ ಹೊತ್ತಿನಲ್ಲಿ ಟಿಪ್ಸ್ ಕೊಡಲು ಎದುರಿಗೆ ಯಾರೂ ಇರುವುದಿಲ್ಲ. 1988ರಲ್ಲಿ ಕಾರ್ಮಿಕ ಇಲಾಖೆ ತನ್ನ ತನಿಖಾಧಿಕಾರಿಗಳ ಕೈಪಿಡಿಯಲ್ಲಿ ಒಂದು ಮಿತಿ ಹಾಕಿತು: ಇಂಥ ಕೆಲಸ ಒಟ್ಟು ಸಮಯದ 20% ದಾಟಿದರೆ ಆ ಗಂಟೆಗಳಿಗೆ ಪೂರ್ತಿ ವೇತನ. 2018ರಲ್ಲಿ ಅದನ್ನು ಕೈಬಿಟ್ಟರು. 2021ರಲ್ಲಿ ವಾಪಸ್ ತಂದರು, ಒಂದೇ ಸಮನೆ 30 ನಿಮಿಷ ಮೀರಬಾರದು ಅಂತಲೂ ಸೇರಿಸಿದರು. 2024ರ ಆಗಸ್ಟ್‌ನಲ್ಲಿ ಫಿಫ್ತ್ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಅದನ್ನು ರದ್ದು ಮಾಡಿತು. ಈಗ ಉಳಿದಿರುವುದು 1967ರ ಹಳೇ ನಿಯಮ. ಹೋಟೆಲಿನಲ್ಲಿ ರಿಪೇರಿ ಕೆಲಸ ಮಾಡುವವನೇ ಊಟ ಬಡಿಸುವ ಕೆಲಸವನ್ನೂ ಮಾಡಿದರೆ ಅವು ಎರಡು ಬೇರೆ ಕೆಲಸ, ರಿಪೇರಿಯ ಗಂಟೆಗಳಿಗೆ ಪೂರ್ತಿ ವೇತನ ಕೊಡಿ ಅನ್ನುತ್ತದೆ ಅದು. ಕೆಚಪ್ ಸೀಸೆಯ ಬಗ್ಗೆ ಅದರಿಂದ ಹೆಚ್ಚು ಸಹಾಯ ಸಿಗುವುದಿಲ್ಲ.

ಟಿಪ್ಸ್ ಹಂಚಿಕೆಯ ವಿಷಯ ಬೇಗ ಮುಗಿಸುತ್ತೇನೆ. 2018ರ ಕಾಯಿದೆಯ ಪ್ರಕಾರ ಮಾಲೀಕ, ಮ್ಯಾನೇಜರ್, ಸೂಪರ್‌ವೈಸರ್ ಯಾರೂ ಕೆಲಸಗಾರರ ಟಿಪ್ಸ್‌ನಲ್ಲಿ ಪಾಲು ತೆಗೆದುಕೊಳ್ಳುವಂತಿಲ್ಲ. ಮಾಲೀಕ ಪೂರ್ತಿ ಕನಿಷ್ಠ ವೇತನ ಕೊಡುತ್ತಿದ್ದರೆ ಅಡುಗೆಯವರು, ಪಾತ್ರೆ ತೊಳೆಯುವವರನ್ನೂ ಹಂಚಿಕೆಯಲ್ಲಿ ಸೇರಿಸಬಹುದು. ಟಿಪ್ ಕ್ರೆಡಿಟ್ ತೆಗೆದುಕೊಳ್ಳುತ್ತಿದ್ದರೆ ಸೇರಿಸುವಂತಿಲ್ಲ. ಬಿಲ್ಲಿನಲ್ಲಿ "ಸರ್ವಿಸ್ ಚಾರ್ಜ್" ಅಂತ ಕಡ್ಡಾಯವಾಗಿ ಹಾಕಿದ್ದು ಫೆಡರಲ್ ಕಾನೂನಿನಲ್ಲಿ ಟಿಪ್ಸ್ ಅಲ್ಲವೇ ಅಲ್ಲ. ಅದು ಅಂಗಡಿಯ ಆದಾಯ. 18% ಸರ್ವಿಸ್ ಚಾರ್ಜ್ ಕಟ್ಟಿ "ಅವರಿಗೆ ಸೇರಿತು" ಅಂತ ಎದ್ದುಬರಬೇಡಿ. ಅದು ಯಾರಿಗೆ ಹೋಗುತ್ತದೆ ಅಂತ ಅವರನ್ನೇ ಒಂದು ಮಾತು ಕೇಳಿ.

ಈಗ ರಾಜ್ಯಗಳು. ಅಲಾಸ್ಕಾ, ಕ್ಯಾಲಿಫೋರ್ನಿಯಾ, ಮಿನ್ನೆಸೋಟ, ಮೊಂಟಾನಾ, ನೆವಾಡ, ಒರೆಗಾನ್, ವಾಷಿಂಗ್ಟನ್. ಈ ಏಳು ರಾಜ್ಯಗಳಲ್ಲಿ ಟಿಪ್ ಕ್ರೆಡಿಟ್ ಇಲ್ಲ. ಮಾಲೀಕ ರಾಜ್ಯದ ಪೂರ್ತಿ ಕನಿಷ್ಠ ವೇತನ ಕೊಡಬೇಕು, ಟಿಪ್ಸ್ ಅದರ ಮೇಲೆ. 2025ರಲ್ಲಿ ಕ್ಯಾಲಿಫೋರ್ನಿಯಾದ ಕನಿಷ್ಠ ವೇತನ 16.50. ಅದೇ ಕೆಲಸಕ್ಕೆ ಟೆಕ್ಸಸ್‌ನಲ್ಲಿ 2.13. ಟಿಪ್ ಕ್ರೆಡಿಟ್ ತೆಗೆದರೆ ರೆಸ್ಟೋರೆಂಟ್‌ಗಳೇ ಉಳಿಯುವುದಿಲ್ಲ ಅನ್ನುವವರು ಈ ಏಳು ರಾಜ್ಯಗಳಲ್ಲಿ ಜನ ಎಲ್ಲಿ ಊಟ ಮಾಡುತ್ತಾರೆ ಅಂತ ಹೇಳಬೇಕು.

ಆದರೆ ಕಥೆ ಇಷ್ಟು ಸಲೀಸಲ್ಲ. ಟಿಪ್ ಕ್ರೆಡಿಟ್ ಬೇಕು ಅನ್ನುವವರಲ್ಲಿ ಕೆಲಸಗಾರರೂ ಇದ್ದಾರೆ. ಮೇಯ್ನ್ ರಾಜ್ಯದಲ್ಲಿ 2016ರಲ್ಲಿ ಜನ ಮತ ಹಾಕಿ ಅದನ್ನು ಹಂತಹಂತವಾಗಿ ತೆಗೆಯಲು ಒಪ್ಪಿದರು. ಮುಂದಿನ ವರ್ಷವೇ ಶಾಸನಸಭೆ ಅದನ್ನು ವಾಪಸ್ ತಂದಿತು. ತರಬೇಕು ಅಂತ ಮುಂದೆ ನಿಂತವರಲ್ಲಿ ಊಟ ಬಡಿಸುವವರೇ ಬಹಳ ಜನ. ಮ್ಯಾಸಚೂಸೆಟ್ಸ್‌ನಲ್ಲಿ 2024ರ ನವೆಂಬರ್‌ನಲ್ಲಿ ಇದೇ ಪ್ರಶ್ನೆ ಮತಕ್ಕೆ ಬಂದು ಸೋತಿತು. ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲಿ 2018ರಲ್ಲಿ ಜನ ತೆಗೆಯಿರಿ ಅಂದರು, ಕೌನ್ಸಿಲ್ ಜನರ ತೀರ್ಪನ್ನೇ ರದ್ದು ಮಾಡಿತು. 2022ರಲ್ಲಿ ಜನ ಮತ್ತೆ ತೆಗೆಯಿರಿ ಅಂದರು. 2025ರಲ್ಲಿ ಕೌನ್ಸಿಲ್ ಮತ್ತೆ ಕೈಹಾಕಿ, ಪೂರ್ತಿ ವೇತನದ ಬದಲು 2034ರ ಹೊತ್ತಿಗೆ ಕನಿಷ್ಠ ವೇತನದ 75% ಅಂತ ನಿಲ್ಲಿಸಿತು. ಮಿಶಿಗನ್‌ನಲ್ಲೂ ಹೆಚ್ಚುಕಡಿಮೆ ಇಂಥದ್ದೇ ಹಗ್ಗಜಗ್ಗಾಟ.

ಯಾಕೆ ಹೀಗೆ? ದೊಡ್ಡ ಊರಿನ ದುಬಾರಿ ರೆಸ್ಟೋರೆಂಟ್‌ನಲ್ಲಿ ಶುಕ್ರವಾರ ರಾತ್ರಿ ಬಾರ್ ನೋಡಿಕೊಳ್ಳುವವನಿಗೆ ಗಂಟೆಗೆ 7.25 ಅನ್ನುವುದು ಲೆಕ್ಕಕ್ಕೇ ಇಲ್ಲ. ಅವನ ಭಯ ಬೇರೆ: ಸಂಬಳ ಏರಿದರೆ ಬಿಲ್ ಏರುತ್ತದೆ, ಬಿಲ್ ಏರಿದರೆ ಜನ 20% ಕೊಡುವ ಕಡೆ 10% ಕೊಡುತ್ತಾರೆ. ಆ ಭಯ ಸುಳ್ಳಲ್ಲ. ನ್ಯೂಯಾರ್ಕ್‌ನಲ್ಲಿ ಡ್ಯಾನಿ ಮೇಯರ್ ಅವರ ರೆಸ್ಟೋರೆಂಟ್ ಸಮೂಹ 2015ರಲ್ಲಿ ಟಿಪ್ಸ್ ಬೇಡ, ಬೆಲೆಯಲ್ಲೇ ಎಲ್ಲ ಸೇರಿದೆ ಅಂತ ಶುರು ಮಾಡಿತು. 2020ರಲ್ಲಿ ಟಿಪ್ಸ್‌ಗೇ ವಾಪಸ್ ಬಂತು. ಒಂದು ಕಡೆ ಮಾತ್ರ ಬದಲಾಯಿಸಿದರೆ ಪಕ್ಕದ ಅಂಗಡಿಯ ಮೆನು ಕಾರ್ಡ್ ಅಗ್ಗವಾಗಿ ಕಾಣುತ್ತದೆ, ಒಳ್ಳೆ ಸರ್ವರ್‌ಗಳು ಟಿಪ್ಸ್ ಇರುವ ಕಡೆ ಹೊರಟುಹೋಗುತ್ತಾರೆ.

ಆದರೂ ನನ್ನ ವಾದ ಇದು. ಕನಿಷ್ಠ ವೇತನ ಇರುವುದು ಶುಕ್ರವಾರ ರಾತ್ರಿಯ ಬಾರ್‌ನವನಿಗಾಗಿ ಅಲ್ಲ. ಹೆದ್ದಾರಿ ಪಕ್ಕದ ಸಣ್ಣ ರೆಸ್ಟೋರೆಂಟ್‌ನಲ್ಲಿ ಬೆಳಗಿನ ಪಾಳಿ ಮಾಡುವವಳಿಗಾಗಿ. ಅಲ್ಲಿ ಕೊರತೆ ತುಂಬಿಕೊಡಿ ಅಂತ ಕೇಳಬೇಕಾದವಳು ಅವಳು, ಕೊಡಬೇಕಾದವನ ಕೈಯಲ್ಲೇ ಅವಳ ಮುಂದಿನ ವಾರದ ಪಾಳಿಪಟ್ಟಿ ಇದೆ. ಹಕ್ಕು ಇದ್ದೂ ಕೇಳಲಾಗದ ಜಾಗದಲ್ಲಿ ಅವಳನ್ನು ನಿಲ್ಲಿಸಿರುವುದು ಕಾನೂನೇ.

ಇದು ರೆಸ್ಟೋರೆಂಟ್‌ಗೆ ಮುಗಿಯಲಿಲ್ಲ. ಅಮೆಜಾನ್ ಸಾಮಾನನ್ನು ಸ್ವಂತ ವಾಹನದಲ್ಲಿ ಮನೆಗೆ ತಲುಪಿಸುವ ಅಮೆಜಾನ್ ಫ್ಲೆಕ್ಸ್ ಡ್ರೈವರ್‌ಗಳಿಗೆ ಗಂಟೆಗೆ 18ರಿಂದ 25 ಡಾಲರ್, ಟಿಪ್ಸ್ ಪೂರ್ತಿ ನಿಮ್ಮದೇ ಅಂತ ಹೇಳಲಾಗಿತ್ತು. 2016ರ ಕೊನೆಯಿಂದ ಕಂಪನಿ ತಾನು ಕೊಡುವ ಭಾಗವನ್ನು ಇಳಿಸಿ, ಆ ಜಾಗಕ್ಕೆ ಗಿರಾಕಿಯ ಟಿಪ್ಸ್ ತುಂಬಿತು ಅನ್ನುವುದು ವ್ಯಾಪಾರದ ಮೋಸಗಳನ್ನು ತಡೆಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪ. 2021ರಲ್ಲಿ ಆ ಪ್ರಕರಣ 61.7 ಮಿಲಿಯನ್ ಡಾಲರ್‌ಗೆ ಇತ್ಯರ್ಥವಾಯಿತು. ಅದು ಮೋಸ ಅಂತ ಎಲ್ಲರೂ ಸಿಟ್ಟಾದರು, ಸರಿಯೇ. ಆದರೆ ಲೆಕ್ಕದ ರೀತಿ ಜ್ಯಾಕ್ಸನ್‌ವಿಲ್ ನಿಲ್ದಾಣದ್ದೇ ಅಲ್ವಾ? ಅಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದರು, ಕೋರ್ಟ್ ಒಪ್ಪಿತು.

ಬೇರೆ ದೇಶಗಳು ಈ ಗಂಟನ್ನು ಬಿಚ್ಚಿಲ್ಲ ಅಂತಲ್ಲ. ಬ್ರಿಟನ್‌ನಲ್ಲಿ 2009ರ ಅಕ್ಟೋಬರ್‌ನಿಂದ ಟಿಪ್ಸ್ ಅನ್ನು ಕನಿಷ್ಠ ವೇತನದ ಲೆಕ್ಕಕ್ಕೆ ಸೇರಿಸುವಂತಿಲ್ಲ. 2024ರ ಅಕ್ಟೋಬರ್ 1ರಿಂದ ಟಿಪ್ಸ್ ಮತ್ತು ಸರ್ವಿಸ್ ಚಾರ್ಜ್ ಎರಡನ್ನೂ ಏನೂ ಹಿಡಿದುಕೊಳ್ಳದೆ ಕೆಲಸಗಾರರಿಗೇ ಹಂಚಬೇಕು. ಕೆನಡಾದ ಒಂಟಾರಿಯೊ 2022ರ ಜನವರಿಯಲ್ಲಿ ಮದ್ಯ ಬಡಿಸುವವರ ಕಡಿಮೆ ದರವನ್ನು ತೆಗೆಯಿತು. ಕ್ವಿಬೆಕ್ ಟಿಪ್ಸ್ ಸಿಗುವವರಿಗೆ ಕಡಿಮೆ ದರವನ್ನು ಇನ್ನೂ ಇಟ್ಟುಕೊಂಡಿದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡು.

"ಟಿಪ್ಸ್ ಮೇಲೆ ಈಗ ತೆರಿಗೆಯೇ ಇಲ್ಲವಂತೆ, ಹಾಗಾದರೆ ಸಮಸ್ಯೆ ಬಗೆಹರಿಯಿತಲ್ಲ ಸರ್?"

ಇಲ್ಲ. 2025ರ ಜುಲೈ 4ರಂದು ಸಹಿಯಾದ ಕಾಯಿದೆ 2025ರಿಂದ 2028ರವರೆಗೆ ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸ್ ಅನ್ನು ಆದಾಯ ತೆರಿಗೆಯ ಲೆಕ್ಕದಿಂದ ಕಳೆಯಲು ಬಿಡುತ್ತದೆ. ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಕಟ್ಟುವುದು ತಪ್ಪುವುದಿಲ್ಲ. ಕಡ್ಡಾಯ ಸರ್ವಿಸ್ ಚಾರ್ಜ್‌ಗೆ ಈ ರಿಯಾಯಿತಿ ಇಲ್ಲ. ತೀರಾ ಕಡಿಮೆ ದುಡಿಯುವವರಿಗೆ ಆದಾಯ ತೆರಿಗೆಯೇ ಬರುತ್ತಿರಲಿಲ್ಲ, ಅವರಿಗೆ ಇದರಿಂದ ಏನೂ ಸಿಗುವುದಿಲ್ಲ. ಮುಖ್ಯವಾಗಿ 2.13 ಹಾಗೇ ಇದೆ. ಸಂಬಳ ಕೊಡುವವನ ಹೊಣೆಯನ್ನು ಮುಟ್ಟದೆ, ಗಿರಾಕಿಯ ಜೊತೆಗೆ ಸರ್ಕಾರವನ್ನೂ ಕೊಡುವವರ ಸಾಲಿಗೆ ಸೇರಿಸಿದ್ದಾರೆ.

"ನನ್ನ ಮಗಳು ಕಾಲೇಜು ಓದುತ್ತಾ ರೆಸ್ಟೋರೆಂಟ್‌ನಲ್ಲಿ ಕೆಲಸ ಮಾಡುತ್ತಾಳೆ. ಅವಳು ಏನು ನೋಡಿಕೊಳ್ಳಬೇಕು?"

ಮೊದಲು ರಾಜ್ಯದ ದರ ನೋಡಲಿ, ಅದು ಫೆಡರಲ್ ದರಕ್ಕಿಂತ ಹೆಚ್ಚಿದ್ದರೆ ಅದೇ ನಡೆಯುತ್ತದೆ. ಟಿಪ್ ಕ್ರೆಡಿಟ್ ತೆಗೆದುಕೊಳ್ಳುತ್ತೇವೆ ಅಂತ ಮಾಲೀಕ ಮೊದಲೇ ಹೇಳಿರಬೇಕು. ಹೇಳದೇ ಇದ್ದರೆ ಅವನಿಗೆ ಆ ಹಕ್ಕೇ ಇಲ್ಲ, ಪೂರ್ತಿ ವೇತನ ಕೊಡಬೇಕು. ಗಿರಾಕಿ ಬಿಲ್ ಕಟ್ಟದೆ ಓಡಿಹೋದ, ಗ್ಲಾಸ್ ಒಡೆಯಿತು, ಗಲ್ಲಾದಲ್ಲಿ ಹಣ ಕಡಿಮೆ ಬಂತು ಅಂತ ಅವಳ 2.13ರಿಂದ ಮುರಿದುಕೊಳ್ಳುವಂತಿಲ್ಲ. ಕ್ರೆಡಿಟ್ ಕಾರ್ಡ್‌ನಲ್ಲಿ ಬಂದ ಟಿಪ್ಸ್‌ನಿಂದ ಕಾರ್ಡ್ ಕಂಪನಿಯ ಶುಲ್ಕದ ಪಾಲನ್ನು ಹಿಡಿಯಲು ಫೆಡರಲ್ ಕಾನೂನು ಬಿಡುತ್ತದೆ, ಕ್ಯಾಲಿಫೋರ್ನಿಯಾ ಬಿಡುವುದಿಲ್ಲ. ದಿನದ ಗಂಟೆ ಮತ್ತು ಟಿಪ್ಸ್ ತನ್ನದೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಅಂಗಡಿಯ ಆ್ಯಪ್‌ನಲ್ಲಿ ಇದೆ ಅಂತ ಸುಮ್ನೆ ಕೂರಬಾರದು, ಕೆಲಸ ಬಿಟ್ಟ ದಿನ ಆ ಆ್ಯಪ್ ತೆರೆಯುವುದಿಲ್ಲ. ದೂರು ಕೊಟ್ಟದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಗೆದ್ದರೆ ಬಾಕಿಯ ಜೊತೆಗೆ ಸಾಮಾನ್ಯವಾಗಿ ಅಷ್ಟೇ ಮೊತ್ತ ಪರಿಹಾರವಾಗಿಯೂ ಬರುತ್ತದೆ. ಆದರೆ ಹಿಂದಕ್ಕೆ ಹೋಗಿ ಕೇಳಬಹುದಾದದ್ದು ಎರಡು ವರ್ಷದವರೆಗೆ, ಮಾಲೀಕ ಗೊತ್ತಿದ್ದೇ ಮಾಡಿದ ಅಂತ ತೋರಿಸಿದರೆ ಮೂರು. ಪ್ರತಿ ಸಂಬಳದ ದಿನಕ್ಕೂ ಅವಧಿ ಬೇರೆ ಬೇರೆಯಾಗಿ ಓಡುತ್ತದೆ, ಹಾಗಾಗಿ ತಡ ಮಾಡಿದಷ್ಟೂ ಹಳೇ ವಾರಗಳು ಒಂದೊಂದಾಗಿ ಕೈತಪ್ಪುತ್ತವೆ.